ಬಿದ್ದುಹೋದ ಕಿಟಕಿ, ಉಳಿದುಕೊಂಡ ಚಿತ್ರ

ಮಾಲ್ಟಾದ ಬೇಸಿಗೆ ರಜೆ, ಅದರ ಫೋಟೊಗಳು ಮತ್ತು ನೆನಪಿನ ಹಂಚಿಕೆ

ಮೆಡಿಟರೇನಿಯನ್ ಸಮುದ್ರದ ನಡುವಿನ ಗೋಜೊ ದ್ವೀಪದ ಪಡುವಣ ತೀರದಲ್ಲಿ, ದ್ವೇಯ್ರಾ ಎಂಬಲ್ಲಿ, ಸುಣ್ಣಕಲ್ಲಿನ ದೊಡ್ಡ ಕಮಾನೊಂದು ನೀರಿನೊಳಕ್ಕೆ ಚಾಚಿಕೊಂಡಿತ್ತು. ಎತ್ತರ ಸುಮಾರು 28 ಮೀಟರ್. ಅದರ ಆಚೆಗಿನ ಸಮುದ್ರ ಮತ್ತು ಆಕಾಶ ಚೌಕಟ್ಟು ಹಾಕಿಸಿದಂತೆ ಕಾಣುತ್ತಿದ್ದುದರಿಂದ ‘ಅಝೂರ್ ವಿಂಡೋ’, ಅಂದರೆ ನೀಲಿ ಕಿಟಕಿ, ಎಂಬ ಹೆಸರು ಬಂತು. ಹಲವು ಸಿನಿಮಾಗಳಲ್ಲಿಯೂ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯಲ್ಲಿಯೂ ಅದು ಕಾಣಿಸಿಕೊಂಡಿತು. ಅಲ್ಲಿಗೆ ಹೋದ ಯಾವ ಕುಟುಂಬವೂ ಅದರ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಳ್ಳದೆ ಹಿಂದಿರುಗುತ್ತಿರಲಿಲ್ಲ. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಯ ಅಬ್ಬರಕ್ಕೆ ಕಮಾನೂ ಅದನ್ನು ಹೊತ್ತಿದ್ದ ಕಲ್ಲಿನ ಕಂಬವೂ ಕುಸಿದು ಸಮುದ್ರದ ಪಾಲಾದವು.

ಮರುದಿನದಿಂದ ಆ ಕಿಟಕಿ ಉಳಿದುಕೊಂಡದ್ದು ಅದನ್ನು ಕಂಡವರ ನೆನಪಿನಲ್ಲಿ ಮತ್ತು ಅವರು ತೆಗೆದ ಚಿತ್ರಗಳಲ್ಲಿ. ರಜೆಯ ಫೋಟೊ ಎಂದರೆ ಮನೆಮಂದಿಗೆ ತೋರಿಸಿ ಮುಗಿಸುವ ಸಣ್ಣ ಸಂತೋಷ ಎಂಬುದು ಸಾಮಾನ್ಯ ಎಣಿಕೆ. ಅದು ಒಂದು ಜಾಗದ ದಾಖಲೆಯೂ ಆಗಬಲ್ಲದು, ಒಂದು ಕುಟುಂಬದ ಚರಿತ್ರೆಯೂ ಆಗಬಲ್ಲದು. ಹಾಗಾಗಬೇಕಾದರೆ ಚಿತ್ರದ ಜೊತೆಗೆ ಮಾತು ಇರಬೇಕು, ಆ ಮಾತು ಇನ್ನೊಬ್ಬರಿಗೆ ತಲುಪಬೇಕು. ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿರುವ ಮಾಲ್ಟಾ ಇದನ್ನು ಅರಿಯಲು ತಕ್ಕ ಜಾಗ.

ಬೆಳಕು, ಕಲ್ಲು, ನೀರು

ಮಾಲ್ಟಾ ದೇಶವೆಂದರೆ ಮುಖ್ಯವಾಗಿ ಮೂರು ದ್ವೀಪಗಳು: ಮಾಲ್ಟಾ, ಗೋಜೊ, ಕೊಮಿನೊ. ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ಇಟಲಿಯ ಸಿಸಿಲಿ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರ. 2021ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 5.2 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು 35 ಲಕ್ಷಕ್ಕೂ ಹೆಚ್ಚು.

ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆಗಸ್ಟ್‌ನಲ್ಲಿ ಹಗಲಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟು ದಾಟಿರುತ್ತದೆ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ ಮುಖದ ಮೇಲೆ ಕಡುನೆರಳು ಮೂಡಿ ಕಣ್ಣುಗಳು ಕಪ್ಪಾಗಿ ಕಾಣುತ್ತವೆ. ಸಂಜೆ ಆರರ ನಂತರ ಬೆಳಕು ಓರೆಯಾಗಿ, ಮೆತ್ತಗಾಗಿ ಬರುತ್ತದೆ. ರಾಜಧಾನಿ ವಲೆಟ್ಟಾದ ಬೀದಿಗಳು ಜೇನಿನ ಬಣ್ಣಕ್ಕೆ ತಿರುಗುವುದು ಆ ಹೊತ್ತಿನಲ್ಲಿ.

ಆ ಬಣ್ಣ ಕಲ್ಲಿನದು. ದ್ವೀಪದ ಹಳೆಯ ಮನೆ, ಚರ್ಚು, ಕೋಟೆಗಳನ್ನು ಬಹುತೇಕ ಗ್ಲೋಬಿಜೆರಿನ ಎಂಬ ಸುಣ್ಣಕಲ್ಲಿನಲ್ಲಿ ಕಟ್ಟಲಾಗಿದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಅತಿಸಣ್ಣ ಜೀವಿಗಳ ಚಿಪ್ಪು ತಳದಲ್ಲಿ ಪದರಪದರವಾಗಿ ಕೂತು ಆದ ಕಲ್ಲು ಇದು. ಗಣಿಯಿಂದ ತೆಗೆದಾಗ ಕೆನೆಬಣ್ಣ, ಮೆದು, ಗರಗಸಕ್ಕೆ ಸುಲಭ. ಗಾಳಿ ಬಿಸಿಲಿಗೆ ಮೈಯೊಡ್ಡಿದ ಮೇಲೆ ನಿಧಾನವಾಗಿ ಹೊನ್ನಿನ ಛಾಯೆ ಬರುತ್ತದೆ. ಗೋಡೆಗಳಿಂದ ಹೊರಚಾಚಿದ ಮುಚ್ಚಿದ ಮರದ ಬಾಲ್ಕನಿಗಳಿಗೆ ಹಸಿರು, ಕೆಂಪು, ನೀಲಿ ಬಣ್ಣ ಬಳಿದಿರುತ್ತಾರೆ. ಹಳದಿ ಕಲ್ಲಿನ ಮೇಲೆ ಆ ಬಣ್ಣಗಳು ಎದ್ದು ಕಾಣುತ್ತವೆ.

ನೀರಿನ ನೀಲಿಗೂ ಕಾರಣವಿದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಪೋಷಕಾಂಶ ಕಡಿಮೆ, ಹಾಗಾಗಿ ತೇಲುವ ಸೂಕ್ಷ್ಮಸಸ್ಯಗಳೂ ಕಡಿಮೆ. ನೀರು ತಿಳಿಯಾಗಿರುತ್ತದೆ. ಬೆಳಕಿನ ಕೆಂಪು ಭಾಗವನ್ನು ನೀರು ಬೇಗ ಹೀರಿಕೊಳ್ಳುತ್ತದೆ; ನೀಲಿ ಆಳಕ್ಕೆ ಇಳಿದು ಮರಳಿ ಬರುತ್ತದೆ. ತಳದಲ್ಲಿ ಬಿಳಿ ಮರಳಿದ್ದು ನೀರು ಆಳವಿಲ್ಲದಿದ್ದರೆ ಆ ನೀಲಿಗೆ ಹಸಿರು ಬೆರೆತಂತೆ ತೋರುತ್ತದೆ. ಕೊಮಿನೊ ದ್ವೀಪದ ‘ಬ್ಲೂ ಲಗೂನ್’ ಚಿತ್ರಗಳಲ್ಲಿ ಕಾಣುವ ಬಣ್ಣ ಇದೇ.

ದ್ವೀಪಕ್ಕೆ ಬಂದ ಕ್ಯಾಮೆರಾ

ಫೋಟೊ ತೆಗೆಯುವ ವಿಧಾನ ಪ್ಯಾರಿಸ್‌ನಲ್ಲಿ ಪ್ರಕಟವಾದದ್ದು 1839ರಲ್ಲಿ. ಮರುವರ್ಷವೇ, 1840ರಲ್ಲಿ, ಫ್ರೆಂಚ್ ಚಿತ್ರಕಾರ ಓರಾಸ್ ವೆರ್ನೆ ಮತ್ತು ಅವನ ಸಂಗಡಿಗರು ಪೂರ್ವದೇಶಗಳ ಪ್ರವಾಸ ಮುಗಿಸಿ ಬರುತ್ತ ಮಾಲ್ಟಾದಲ್ಲಿ ತಂಗಿದಾಗ ತಾಮ್ರದ ತಗಡಿನ ಮೇಲೆ ಅಲ್ಲಿನ ಚಿತ್ರ ತೆಗೆದರು. ದ್ವೀಪದ ಮೊದಲ ಫೋಟೊಗಳು ಹೀಗೆ ದಾರಿಹೋಕರವು. 1845ರ ಹೊತ್ತಿಗೆ ವೇಲ್ಸ್‌ನ ಪಾದ್ರಿ ಕಾಲ್ವರ್ಟ್ ಜೋನ್ಸ್ ಕಾಗದದ ನೆಗೆಟಿವ್ ಬಳಸಿ ವಲೆಟ್ಟಾದ ಬಂದರನ್ನೂ ಬೀದಿಗಳನ್ನೂ ತೆಗೆದ. ಆಮೇಲೆ ಅಲ್ಲೇ ನೆಲೆಸಿ ಸ್ಟುಡಿಯೊ ತೆರೆದ ರಿಚರ್ಡ್ ಎಲ್ಲಿಸ್ (1842–1924) ಗಾಜಿನ ನೆಗೆಟಿವ್‌ಗಳಲ್ಲಿ ದ್ವೀಪದ ದಿನಚರಿಯನ್ನು ದಶಕಗಳ ಕಾಲ ಹಿಡಿದಿಟ್ಟ.

ಆ ಕಾಲದ ಒಂದು ಘಟನೆಗೆ ಬೆಂಗಳೂರಿನ ನಂಟಿದೆ. 1878ರಲ್ಲಿ ರಷ್ಯಾದ ಜೊತೆ ಯುದ್ಧದ ಭೀತಿ ಎದ್ದಾಗ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಭಾರತದಿಂದ ಸುಮಾರು 7,000 ಸೈನಿಕರನ್ನು ಹಡಗಿನಲ್ಲಿ ಮಾಲ್ಟಾಕ್ಕೆ ಕರೆಸಿಕೊಂಡ. ಅವರಲ್ಲಿ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ತುಕಡಿಯವರೂ ಇದ್ದರು. ರುಮಾಲು ಸುತ್ತಿದ ಆ ಸೈನಿಕರ ಚಿತ್ರಗಳನ್ನು ಲಂಡನ್ನಿನ ಸಚಿತ್ರ ಪತ್ರಿಕೆಗಳು ಅಚ್ಚುಹಾಕಿದವು. ನೋಡುವವರು ಬರೆದ ಚಿತ್ರಗಳವು. ಆ ಬೇಸಿಗೆಯಲ್ಲಿ ದ್ವೀಪವನ್ನು ಸೈನಿಕರು ಹೇಗೆ ಕಂಡರು, ಊರಿಗೆ ಮರಳಿ ಮಕ್ಕಳಿಗೆ ಏನು ಹೇಳಿದರು ಎಂಬುದನ್ನು ಆ ಚಿತ್ರಗಳು ತಿಳಿಸುವುದಿಲ್ಲ. ಕುಂಚವೋ ಕ್ಯಾಮೆರಾವೋ ಯಾರ ಕೈಯಲ್ಲಿದೆ ಎಂಬುದು ನೆನಪಿನ ಚರಿತ್ರೆಯಲ್ಲಿ ದೊಡ್ಡ ವಿಷಯ.

ಆ ಕೈ ಬದಲಾದದ್ದು ನಿಧಾನವಾಗಿ. 1888ರಲ್ಲಿ ಕೊಡ್ಯಾಕ್ ಕಂಪನಿ ಸುರುಳಿ ಫಿಲ್ಮಿನ ಪೆಟ್ಟಿಗೆ ಕ್ಯಾಮೆರಾ ತಂದಿತು. 1900ರಲ್ಲಿ ಬಂದ ‘ಬ್ರೌನಿ’ಯ ಬೆಲೆ ಒಂದೇ ಡಾಲರ್. ಮಧ್ಯಮ ವರ್ಗದ ಮನೆಗಳು ತಮ್ಮ ರಜೆಯನ್ನು ತಾವೇ ಚಿತ್ರಿಸತೊಡಗಿದವು. ಬ್ರಿಟಿಷರ ನೌಕಾನೆಲೆಯಾಗಿದ್ದ ಮಾಲ್ಟಾ 1964ರಲ್ಲಿ ಸ್ವತಂತ್ರವಾಯಿತು. ಬ್ರಿಟಿಷ್ ಸೇನೆ 1979ರಲ್ಲಿ ಕೊನೆಯದಾಗಿ ಹೊರಟಿತು. ನೌಕಾನೆಲೆಯ ಮೇಲೆ ನಿಂತಿದ್ದ ಬದುಕು ಪ್ರವಾಸೋದ್ಯಮದ ಕಡೆ ತಿರುಗಿತು. ಆ ಕಾಲದ ರಜೆಯೆಂದರೆ ಒಂದು ರೋಲಿಗೆ 36 ಚಿತ್ರ. ಲೆಕ್ಕ ಹಾಕಿ ತೆಗೆಯಬೇಕು, ಊರಿಗೆ ಬಂದ ಮೇಲೆ ತೊಳೆಸಬೇಕು. ಆಮೇಲೆ ಆಲ್ಬಂ ಹರಡಿಕೊಂಡೋ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸ್ಲೈಡ್ ಪ್ರೊಜೆಕ್ಟರ್ ಹಾಕಿಯೋ ನೆಂಟರಿಗೆ ತೋರಿಸಬೇಕು. ಚಿತ್ರಕ್ಕಿಂತ ಅದರ ಸುತ್ತ ನಡೆಯುತ್ತಿದ್ದ ಮಾತು ಹೆಚ್ಚು. ಫೋಟೊದ ಬೆನ್ನಿಗೆ ಊರು, ಇಸವಿ, ಜೊತೆಗಿದ್ದವರ ಹೆಸರು ಬರೆದಿಡುವ ರೂಢಿಯೂ ಇತ್ತು.

ಈಗ ಒಂದು ವಾರದ ರಜೆಯಲ್ಲಿ ಸಾವಿರ ಚಿತ್ರ ತೆಗೆಯುವುದು ಕಷ್ಟವಲ್ಲ. ಬೆನ್ನಿಗೆ ಬರೆಯುವ ಜಾಗ ಮಾತ್ರ ಮಾಯವಾಗಿದೆ.

ತೆಗೆದದ್ದೆಲ್ಲ ನೆನಪಾಗುವುದಿಲ್ಲ

ಫೋಟೊ ತೆಗೆದರೆ ನೆನಪು ಗಟ್ಟಿಯಾಗುತ್ತದೆಯೇ? ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು, ಕೆಲವು ವಸ್ತುಗಳನ್ನು ಸುಮ್ಮನೆ ನೋಡುವಂತೆಯೂ ಕೆಲವನ್ನು ಫೋಟೊ ತೆಗೆಯುವಂತೆಯೂ ಹೇಳಲಾಯಿತು. ಮರುದಿನ ಕೇಳಿದಾಗ, ಇಡಿಯಾಗಿ ಫೋಟೊ ತೆಗೆದ ವಸ್ತುಗಳಿಗಿಂತ ಬರಿಗಣ್ಣಿನಿಂದ ನೋಡಿದ ವಸ್ತುಗಳೇ ಹೆಚ್ಚು ನೆನಪಿದ್ದವು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ತನ್ನ ಹೊರೆಯನ್ನು ಇಳಿಸಿಬಿಡುತ್ತದೆ ಎಂಬುದು ಒಂದು ವಿವರಣೆ. ಆದರೆ ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಲ್ಲಿ ಈ ನಷ್ಟ ಕಾಣಲಿಲ್ಲ. ವಿವರದ ಮೇಲೆ ಗಮನವಿಟ್ಟವರಿಗೆ ಇಡೀ ವಸ್ತು ನೆನಪಿನಲ್ಲಿ ಉಳಿದಿತ್ತು.

2017ರಲ್ಲಿ ಬಂದ ಬೇರೆ ಸಂಶೋಧಕರ ಅಧ್ಯಯನವೊಂದು ಇನ್ನೊಂದು ಮುಖ ತೋರಿಸಿತು. ಏನನ್ನು ತೆಗೆಯಬೇಕೆಂದು ತಾವೇ ಆರಿಸಿಕೊಂಡವರಿಗೆ ಕಂಡದ್ದು ಚೆನ್ನಾಗಿ ನೆನಪಿರುತ್ತದೆ, ಕೇಳಿದ್ದು ಮಾತ್ರ ಮಸುಕಾಗುತ್ತದೆ. ಎರಡನ್ನೂ ಕೂಡಿಸಿದರೆ ಸಿಗುವ ಪಾಠ ಸರಳ: ನೋಡಿ ತೆಗೆದರೆ ಕ್ಯಾಮೆರಾ ಕಣ್ಣಿಗೆ ನೆರವು, ನೋಡದೆ ತೆಗೆದರೆ ಕಣ್ಣಿಗೆ ಪರದೆ.

ನೆನಪು ಗಟ್ಟಿಯಾಗುವುದು ಹೇಳಿಕೊಂಡಾಗ. ತಂದೆತಾಯಿ ಮಕ್ಕಳೊಡನೆ ಕಳೆದ ದಿನಗಳ ಬಗ್ಗೆ ಬಿಡಿಸಿ ಮಾತಾಡುವ ಮನೆಗಳಲ್ಲಿ, ‘ಆಮೇಲೆ ಏನಾಯ್ತು, ಆಗ ನಿನಗೆ ಹೇಗನ್ನಿಸಿತು’ ಎಂದು ಕೇಳುವ ಮನೆಗಳಲ್ಲಿ, ಮಕ್ಕಳು ತಮ್ಮ ಅನುಭವವನ್ನು ಹೆಚ್ಚು ವಿವರವಾಗಿ ಹೇಳಬಲ್ಲರು ಎಂಬುದನ್ನು ಬಾಲಮನೋವಿಜ್ಞಾನ ಮತ್ತೆ ಮತ್ತೆ ಕಂಡಿದೆ. ಫೋಟೊ ಆ ಮಾತಿಗೆ ನೆಪ. ಒಬ್ಬರಿಗೆ ಬೋಟಿನ ಬಣ್ಣ ನೆನಪಿದ್ದರೆ ಇನ್ನೊಬ್ಬರಿಗೆ ಅಂದು ಕಾಲಿಗೆ ಚುಚ್ಚಿದ ಕಲ್ಲು ನೆನಪಿರುತ್ತದೆ. ಇಬ್ಬರೂ ಹೇಳಿದಾಗ ಆ ದಿನ ಪೂರ್ತಿಯಾಗುತ್ತದೆ.

ಚಿತ್ರ ಹೇಳದ ಅರ್ಥ

ಮಾಲ್ಟಾದ ಆಗ್ನೇಯ ಮೂಲೆಯ ಮಾರ್ಸಶ್ಲೋಕ್ ಮೀನುಗಾರರ ಹಳ್ಳಿ. ಬಂದರಿನಲ್ಲಿ ‘ಲುಟ್ಸು’ ಎಂಬ ಮರದ ದೋಣಿಗಳು ಸಾಲಾಗಿ ತೇಲುತ್ತವೆ. ಹಲಗೆ ಹಲಗೆಗೆ ಒಂದೊಂದು ಬಣ್ಣ: ಹಳದಿ, ಕೆಂಪು, ಹಸಿರು, ನೀಲಿ. ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಹುಬ್ಬು ಎದ್ದ, ಗುಡ್ಡೆ ತೆರೆದ ಆ ಕಣ್ಣು ದೋಣಿಯನ್ನು ಕಡಲ ಕೆಡುಕಿನಿಂದ ಕಾಯುತ್ತದೆಂಬ ನಂಬಿಕೆ. ಈ ರೂಢಿಯ ಬೇರನ್ನು ಪ್ರಾಚೀನ ಫಿನೀಷಿಯನ್ ನಾವಿಕರವರೆಗೆ ಎಳೆಯುವುದುಂಟು. ಕಣ್ಣಿನ ಬಳಿ ಮೀಸೆಯಾಕಾರದ ಪಟ್ಟಿಯೊಂದಿರುತ್ತದೆ. ಹಿಂದೆ ಅದರ ಬಣ್ಣ ನೋಡಿ ದೋಣಿ ಯಾವ ಊರಿನದೆಂದು ಹೇಳುತ್ತಿದ್ದರು. ಒಡೆಯನ ಮನೆಯಲ್ಲಿ ಸಾವಾದರೆ ಪಟ್ಟಿಗೆ ಕಪ್ಪು ಬಳಿಯುತ್ತಿದ್ದರು. ಫೋಟೊದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ, ಸೂತಕ ಕಾಣುವುದಿಲ್ಲ. ಅದನ್ನು ಯಾರಾದರೂ ಕೇಳಿ ತಿಳಿದು ಬರೆದಿಡಬೇಕು.

ಗೋಜೊದ ಉತ್ತರ ತೀರದ ಶ್ವೇಯ್ನಿಯ ಉಪ್ಪಿನ ಪಾತಿಗಳೂ ಹೀಗೆಯೇ. ಕಡಲಂಚಿನ ಬಂಡೆಯಲ್ಲೇ ಕೊರೆದ ನೂರಾರು ಚೌಕ ಗುಂಡಿಗಳು ಮೇಲಿನಿಂದ ಚೌಕಾಬಾರದ ಮನೆಗಳಂತೆ ಕಾಣುತ್ತವೆ. ಬೇಸಿಗೆಯಲ್ಲಿ ಅವುಗಳಿಗೆ ಸಮುದ್ರದ ನೀರು ತುಂಬಿ ಬಿಸಿಲಿಗೆ ಬಿಡುತ್ತಾರೆ. ನೀರು ಆವಿಯಾದ ಮೇಲೆ ಉಳಿದ ಹರಳನ್ನು ಪೊರಕೆಯಿಂದ ಗುಡಿಸಿ ಗುಡ್ಡೆ ಹಾಕುತ್ತಾರೆ. ತಲೆಮಾರುಗಳಿಂದ ಅದೇ ಕೆಲಸದಲ್ಲಿರುವ ಕುಟುಂಬಗಳು ಅಲ್ಲಿವೆ. ಗುಡಿಸುವಾಗಿನ ಸರಸರ ಸದ್ದು, ತುಟಿಗೆ ಹತ್ತುವ ಉಪ್ಪು ಚಿತ್ರಕ್ಕೆ ಸಿಕ್ಕುವುದಿಲ್ಲ.

ಸದ್ದು ಮತ್ತು ರುಚಿಯಿಂದಲೇ ನೆನಪಾಗುವ ಸಂಗತಿಗಳು ಅಲ್ಲಿನ ಬೇಸಿಗೆಯಲ್ಲಿ ಹೇರಳ. ಪ್ರತಿ ಊರಿನ ಚರ್ಚಿಗೂ ತನ್ನ ಸಂತನ ಹಬ್ಬವುಂಟು; ಅದೇ ‘ಫೆಸ್ಟಾ’. ಬೀದಿ ತುಂಬ ತೋರಣ, ಹಿತ್ತಾಳೆ ವಾದ್ಯಗಳ ಬ್ಯಾಂಡು, ಹೆಗಲ ಮೇಲೆ ಸಾಗುವ ಸಂತನ ಮೂರ್ತಿ, ರಾತ್ರಿ ಸಿಡಿಮದ್ದು. ಎಣ್ಣೆಯಲ್ಲಿ ಕರಿದ ಖರ್ಜೂರದ ತಿಂಡಿ, ಬಾದಾಮಿಯ ಮಿಠಾಯಿ ಮಾರುವ ಗಾಡಿಗಳು. ಆಗಸ್ಟ್ 15ರ ಮೇರಿಮಾತೆಯ ಹಬ್ಬಕ್ಕೆ ಇಡೀ ದೇಶವೇ ರಜೆ ಹಾಕುತ್ತದೆ. ಮಾಲ್ಟಾದ ಹಳ್ಳಿಯ ಫೆಸ್ಟಾವನ್ನು ಯುನೆಸ್ಕೊ 2023ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರ ಮಾತೂ ನೆನಪಿನ ಸಾಮಗ್ರಿ. ಮಾಲ್ಟಿ ಭಾಷೆ ಅರಬ್ಬಿಯಿಂದ ಕವಲೊಡೆದದ್ದು, ಬರೆಯುವುದು ಲ್ಯಾಟಿನ್ ಲಿಪಿಯಲ್ಲಿ. ಅಲ್ಲಿ ವರ್ಷಕ್ಕೆ ‘ಸೇನ’ ಎನ್ನುತ್ತಾರೆ. ಕನ್ನಡದ ಹಳೆಯ ಕಾಗದಪತ್ರಗಳಲ್ಲಿ, ಹಳೆಯ ಫೋಟೊಗಳ ಕೆಳಗೆ ‘ಸನ್ 1952’ ಎಂದು ಬರೆದಿರುವ ‘ಸನ್’ ಕೂಡ ಅದೇ ಅರಬ್ಬಿ ಮೂಲದ್ದು.

ಫೋಟೊವೇ ಕೂಡದ ಜಾಗವೂ ಅಲ್ಲಿದೆ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿಗೆ ಅಗೆಯುವಾಗ ಸಿಕ್ಕಿದ ಹಾಲ್ ಸಫ್ಲಿಯೇನಿ ನೆಲಮಾಳಿಗೆಯು ಬಂಡೆಯೊಳಗೆ ಮೂರು ಅಂತಸ್ತುಗಳಲ್ಲಿ ಕೊರೆದ, ಐದು ಸಾವಿರ ವರ್ಷಗಳಿಗೂ ಹಿಂದಿನ ಸಮಾಧಿ ಸ್ಥಳ. ಜನರ ಉಸಿರು, ದೀಪದ ಬೆಳಕು, ತೇವ ಇವುಗಳಿಂದ ಅಲ್ಲಿನ ಕೆಮ್ಮಣ್ಣಿನ ಚಿತ್ತಾರ ಮಾಸುತ್ತದೆಂದು ದಿನಕ್ಕೆ 80 ಮಂದಿಯನ್ನಷ್ಟೇ ಒಳಬಿಡುತ್ತಾರೆ, ಕ್ಯಾಮೆರಾ ನಿಷಿದ್ಧ. ಅಲ್ಲಿಗೆ ಹೋಗಿ ಬಂದವರ ಬಳಿ ಇರುವುದು ಮಾತು ಮಾತ್ರ. ಸಂಜೆ ಕೂತು ಕಂಡದ್ದನ್ನು ನಾಲ್ಕು ಸಾಲು ಬರೆದಿಟ್ಟರೆ ಅದೇ ಆ ಜಾಗದ ಚಿತ್ರ.

ಒಂದೇ ಚಿತ್ರ ಲಕ್ಷ ಸಲ

ಬ್ರಿಟಿಷ್ ಸಮಾಜಶಾಸ್ತ್ರಜ್ಞ ಜಾನ್ ಅರ್ರಿ 1990ರಲ್ಲಿ ಪ್ರಕಟಿಸಿದ ‘ದ ಟೂರಿಸ್ಟ್ ಗೇಝ್’ ಕೃತಿಯಲ್ಲಿ ಒಂದು ಸುತ್ತನ್ನು ಗುರುತಿಸಿದ್ದಾನೆ. ಜನ ಮೊದಲು ಜಾಹೀರಾತಿನಲ್ಲಿ ಒಂದು ಚಿತ್ರ ನೋಡುತ್ತಾರೆ, ಆ ಜಾಗ ಹುಡುಕಿಕೊಂಡು ಹೋಗುತ್ತಾರೆ, ತಾವು ಅಲ್ಲಿಗೆ ಹೋಗಿದ್ದೆವೆಂದು ತೋರಿಸಲು ಅದೇ ಚಿತ್ರವನ್ನು ತಾವೂ ತೆಗೆಯುತ್ತಾರೆ. ಅದನ್ನು ಕಂಡ ಇನ್ನೊಬ್ಬರು ಹೊರಡುತ್ತಾರೆ. ಮೊಬೈಲ್ ಕಾಲದಲ್ಲಿ ಈ ಸುತ್ತಿನ ವೇಗ ಹೆಚ್ಚಿದೆ.

ಅದರ ಭಾರ ಬೀಳುವುದು ಜಾಗದ ಮೇಲೆ. ಮೂರೂವರೆ ಚದರ ಕಿಲೋಮೀಟರಿನ ಕೊಮಿನೊಗೆ ಬೇಸಿಗೆಯಲ್ಲಿ ದಿನಕ್ಕೆ ಸಾವಿರಾರು ಜನ ಬೋಟುಗಳಲ್ಲಿ ಬಂದಿಳಿಯುತ್ತಿದ್ದರು. ನೂಕುನುಗ್ಗಲು, ಕಸ, ತುಳಿತಕ್ಕೆ ಸಿಕ್ಕ ಗಿಡಗಳ ಬಗ್ಗೆ ದೂರು ಹೆಚ್ಚಿದಾಗ, 2025ರ ಬೇಸಿಗೆಯಿಂದ ಬ್ಲೂ ಲಗೂನ್‌ಗೆ ಮುಂಗಡವಾಗಿ ಹೆಸರು ನೋಂದಾಯಿಸಿಕೊಂಡೇ ಬರಬೇಕೆಂಬ ನಿಯಮ ಬಂತು. ದ್ವೇಯ್ರಾದಲ್ಲೂ ಕಮಾನು ಕುಸಿಯುವ ಕೆಲವೇ ತಿಂಗಳ ಹಿಂದೆ ಅದರ ಮೇಲೆ ಹತ್ತಿದವರಿಗೆ 1,500 ಯೂರೊ ದಂಡವೆಂದು ಸರಕಾರ ಸಾರಿತ್ತು. ಕಮಾನನ್ನು ಕೆಡವಿದ್ದು ಅಲೆಗಳು. ಆದರೂ ಬಿರುಕುಬಿಟ್ಟ ಕಲ್ಲಿನ ಮೇಲೆ ಚಿತ್ರಕ್ಕಾಗಿ ನಿಲ್ಲುವುದು ಕಲ್ಲಿಗೂ ಜೀವಕ್ಕೂ ಅಪಾಯವೆಂಬುದು ಸ್ಪಷ್ಟವಿತ್ತು. ಎಲ್ಲರೂ ತೆಗೆಯುವ ಚಿತ್ರವನ್ನು ಬಿಟ್ಟು ಪಕ್ಕಕ್ಕೆ ತಿರುಗಿದವರಿಗೆ ಮನೆ ಬಾಗಿಲ ಹಿತ್ತಾಳೆಯ ಮೀನಿನಾಕಾರದ ಹಿಡಿಕೆಯೋ ಬಲೆ ಹೆಣೆಯುವ ಮುದುಕರ ಬೆರಳುಗಳೋ ಕಾಣುತ್ತವೆ. ಆ ಚಿತ್ರ ಬೇರೆಯವರ ಬಳಿ ಇರುವುದಿಲ್ಲ.

ಹಂಚುವ ಬಗೆ

ಹಂಚುವ ಮೊದಲ ಕೆಲಸ ಆರಿಸುವುದು. ಸಾವಿರದಲ್ಲಿ ನಲವತ್ತನ್ನು ಎತ್ತಿಟ್ಟರೆ ನೋಡುವವರಿಗೂ ತಾಳ್ಮೆ, ಹೇಳುವವರಿಗೂ ಕಥೆ. ಎರಡನೆಯದು ಹೆಸರಿಡುವುದು: ಯಾವ ಊರು, ಯಾವ ದಿನ, ಯಾರು ಯಾರು, ಏನು ನಡೆಯುತ್ತಿತ್ತು. ಡಿಜಿಟಲ್ ಚಿತ್ರದೊಳಗೆ ತಾರೀಖು, ಗಂಟೆ, ಮೊಬೈಲ್ ಆದರೆ ಹಲವು ಸಲ ಜಾಗದ ಅಕ್ಷಾಂಶ ರೇಖಾಂಶಗಳೂ ತಾವಾಗಿ ದಾಖಲಾಗುತ್ತವೆ. ಬೇಸಿಗೆಯಲ್ಲಿ ಮಾಲ್ಟಾದ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಮೊಬೈಲ್ ತಾನೇ ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾದ ಗಡಿಯಾರ ಬದಲಿಸದಿದ್ದರೆ ಬೆಳಗಿನ ಆರರ ಚಿತ್ರಕ್ಕೆ ಒಂಬತ್ತೂವರೆಯ ಮುದ್ರೆ ಬಿದ್ದು, ಎರಡೂ ಕಡೆಯ ಚಿತ್ರಗಳನ್ನು ಸೇರಿಸುವಾಗ ದಿನದ ಕ್ರಮ ತಪ್ಪುತ್ತದೆ.

ವಾಟ್ಸ್ಆಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ಒಳಗಿನ ದಾಖಲೆಯೂ ಅಳಿಸಿಹೋಗುತ್ತದೆ. ಮೂಲಪ್ರತಿಯೇ ತಲುಪಬೇಕಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಬೇಕು. ಒಂದು ಪ್ರತಿ ಮೊಬೈಲ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಆರಿಸಿದ ಕೆಲವು ಕಾಗದದ ಮೇಲೆ ಇದ್ದರೆ ಒಂದು ಹೋದರೂ ಇನ್ನೊಂದಿರುತ್ತದೆ. ಎಲ್ಲರ ಕಣ್ಣಿಗೆ ಬೀಳುವಂತೆ ಹಂಚುವ ಮುನ್ನ ಜಾಗದ ಗುರುತನ್ನು ತೆಗೆಯುವುದು, ರಜೆ ಮುಗಿಸಿ ಮನೆಗೆ ಮರಳಿದ ಮೇಲಷ್ಟೇ ಹಾಕುವುದು ಕ್ಷೇಮ. ಮಕ್ಕಳ ಚಿತ್ರಕ್ಕೆ, ಅಪರಿಚಿತರ ಮುಖಕ್ಕೆ, ಪ್ರಾರ್ಥನೆಯಲ್ಲಿರುವವರಿಗೆ ಒಪ್ಪಿಗೆಯ ಮರ್ಯಾದೆ ಸಲ್ಲಬೇಕು.

ಮನೆಯ ಆಲ್ಬಂನಿಂದ ಊರಿನ ದಾಖಲೆಗೆ

ಮನೆಮನೆಯ ಚಿತ್ರಗಳನ್ನು ಊರಿನ ಆಸ್ತಿಯೆಂದು ಕಾಣುವ ಕೆಲಸ ಮಾಲ್ಟಾದಲ್ಲಿ ನಡೆದಿದೆ. ‘ಮಾಗ್ನಾ ಜ್ಮೀನ್’, ಅಂದರೆ ಕಾಲಯಂತ್ರ, ಎಂಬ ಸಂಸ್ಥೆ ಜನರ ಮನೆಗಳಲ್ಲಿರುವ ಹಳೆಯ ಫೋಟೊ, ಸ್ಲೈಡ್, ಮನೆಯಲ್ಲೇ ತೆಗೆದ ಫಿಲ್ಮ್, ಧ್ವನಿಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಕಾಪಿಡುತ್ತದೆ. ಮದುವೆ, ಸಮುದ್ರಸ್ನಾನ, ಫೆಸ್ಟಾಗಳ ಹಿನ್ನೆಲೆಯಲ್ಲಿ ಈಗಿಲ್ಲದ ಕಟ್ಟಡ, ಹೊಲ, ತೀರಗಳು ಅವುಗಳಲ್ಲಿ ಸಿಗುತ್ತವೆ.

ತಂತ್ರಜ್ಞಾನವೂ ಜೊತೆಗೂಡಿದೆ. ಒಂದೇ ವಸ್ತುವನ್ನು ಬೇರೆ ಬೇರೆ ಕೋನದಿಂದ ತೆಗೆದ ಚಿತ್ರಗಳಲ್ಲಿ ಹೊಂದುವ ಬಿಂದುಗಳನ್ನು ಕಂಪ್ಯೂಟರ್ ಗುರುತಿಸಿ, ಪ್ರತಿ ಕ್ಯಾಮೆರಾ ಎಲ್ಲಿ ನಿಂತಿತ್ತೆಂದು ಲೆಕ್ಕ ಹಾಕಿ, ಆ ವಸ್ತುವಿನ ಮೂರು ಆಯಾಮದ ಆಕಾರ ಕಟ್ಟುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರವಾಸಿಗರು ಹಂಚಿಕೊಂಡಿದ್ದ ಸುಮಾರು 1.5 ಲಕ್ಷ ಫೋಟೊಗಳಿಂದ ರೋಮ್ ನಗರದ ಪ್ರಸಿದ್ಧ ಕಟ್ಟಡಗಳನ್ನು ಒಂದು ದಿನದೊಳಗೆ ಹೀಗೆ ಕಟ್ಟಿ ತೋರಿಸಿದರು. 2015ರಲ್ಲಿ ಇರಾಕಿನ ಮೋಸುಲ್ ಮ್ಯೂಸಿಯಂನ ಶಿಲ್ಪಗಳು ನಾಶವಾದಾಗ, ಹಿಂದೆ ಅಲ್ಲಿಗೆ ಹೋಗಿದ್ದವರ ಫೋಟೊಗಳನ್ನು ಸೇರಿಸಿ ಅವುಗಳ ರೂಪವನ್ನು ಮರಳಿ ಪಡೆಯುವ ಯತ್ನ ನಡೆಯಿತು.

ದ್ವೇಯ್ರಾದಲ್ಲಿ ಬಿದ್ದ ಬಂಡೆಗಳು ಈಗ ನೀರಿನಡಿಯಲ್ಲಿವೆ. ಮುಳುಗುಗಾರರು ಅವುಗಳ ನಡುವೆ ಈಜುತ್ತಾರೆ. ದಡದಲ್ಲಿ ನಿಂತವರಿಗೆ ತೆರೆದ ಸಮುದ್ರ ಕಾಣುತ್ತದೆ. ಹಿಂದಿನ ವರ್ಷಗಳಲ್ಲಿ ಅಲ್ಲಿ ನಿಂತು ಕ್ಯಾಮೆರಾ ಹಿಡಿದ ತಂದೆತಾಯಿಗಳ ಕಣ್ಣು ಇದ್ದದ್ದು ಮುಂದೆ ನಿಂತ ಮಗುವಿನ ಮೇಲೆ. ಕಮಾನು ಬರೀ ಹಿನ್ನೆಲೆ. ಕಮಾನು ಬಿದ್ದಿದೆ, ಮಗು ದೊಡ್ಡದಾಗಿದೆ. ಒಂದೇ ಚಿತ್ರ ಇಬ್ಬರಿಗೂ ಬೇಕಾಗಿದೆ: ಮುನ್ನೆಲೆ ಕುಟುಂಬಕ್ಕೆ, ಹಿನ್ನೆಲೆ ದ್ವೀಪಕ್ಕೆ. ಅದರ ಜೊತೆಗೆ ಊರು, ದಿನ, ಹೆಸರುಗಳನ್ನು ಬರೆದಿಟ್ಟಿದ್ದರೆ ಇಬ್ಬರಿಗೂ ದಕ್ಕುತ್ತದೆ.